ಕುಂಗ್‌ಫುದಾಗಿನ ಕರಡಿನ ಯಾಕೆ ಯಾರೂ ಕೇಳಲ್ಲ

ಕುಂಗ್‌ಫು ಅಂದ ಕೂಡ್ಲೆ ನಮ್ ಕಡೆ ಹುಡುಗ್ರು ಮಾಡೋದು ಎರಡೇ ಆಕ್ಷನ್. ಒಂದು ಬೆರಳು ಬಗ್ಗಿಸಿ ಹುಲಿ ಪಂಜ, ಇನ್ನೊಂದು ಒಂಟಿ ಕಾಲಲ್ಲಿ ನಿಂತು ಕೊಕ್ಕರೆ. ಸ್ವಲ್ಪ ಜಾಸ್ತಿ ಸಿನಿಮಾ ನೋಡಿದೋನಾಗಿದ್ರೆ ಹಾವು. ಕರಡಿ ಮಾಡಿ ತೋರ್ಸು ಅಂದ್ರೆ ನಕ್ಕು, ಅದೆಲ್ಲಿಂದ ಬಂತಣ್ಣ ನಡುವೆ ಅಂತಾರೆ. ನಡುವೆ ಬಂದಿದ್ದಲ್ಲ, ಮೊದ್ಲಿಂದ್ಲೂ ಐತೆ. ಈಗ ಫೇಮಸ್ ಆಗಿರೋ ಹುಲಿ-ಕೊಕ್ಕರೆ ಜೋಡಿ ಹುಟ್ಟೋಕಿಂತ ಎಷ್ಟೋ ಮುಂಚೆ ಚೀನಾದಾಗೆ ಜನ ಕರಡಿ ತರ ಮೈ ಆಡಿಸ್ತಿದ್ರು. ದರೋಜಿ ಕರಡಿಧಾಮದ ಕಡೆಯೋನು, ಬಳ್ಳಾರಿ ಜಿಲ್ಲೆನೋನಾಗಿ ನನಗೆ ಕರಡಿ ಮೇಲೆ ಸ್ವಲ್ಪ ಪಕ್ಷಪಾತ ಐತೆ ಅನ್ಕೊಳ್ರಿ ಬೇಕಾದ್ರೆ, ಆದ್ರೆ ಬರೀ ಅಭಿಮಾನಕ್ಕೆ ಬರೀತಿರೋದಲ್ಲ.

1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ಹತ್ರ ಮಾವಾಂಗ್‌ದುಯಿ ಅನ್ನೋ ಕಡೆ ಒಂದು ಗೋರಿ ಅಗೆದ್ರು, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿ ಅದು. ಒಳಗೆ ಒಂದು ರೇಷ್ಮೆ ಬಟ್ಟೆ ಸಿಕ್ತು, ಅದ್ರ ಮೇಲೆ 44 ಜನ ಕಸರತ್ತು ಮಾಡ್ತಿರೋ ಚಿತ್ರ, ಗಂಡಸ್ರು ಅದಾರೆ, ಹೆಂಗಸ್ರು ಅದಾರೆ, ವಯಸ್ಸಾದೋರು ಅದಾರೆ. ಕೆಲವು ಚಿತ್ರದ ಪಕ್ಕ ಪ್ರಾಣಿ ಹೆಸ್ರು ಬರ್ದಾರೆ, ಅದ್ರಾಗೆ ಕರಡಿನೂ ಐತೆ. ಜುವಾಂಗ್‌ಜಿ ಅನ್ನೋ ಹಳೇ ತಾವೋ (ಚೀನಾದ ಒಂದು ತತ್ವಪಂಥ) ಗ್ರಂಥದಾಗೂ, ಆಯಸ್ಸು ಜಾಸ್ತಿ ಆಗ್ಲಿ ಅಂತ ಕರಡಿ ತರ ಜೋತಾಡೋರು, ಹಕ್ಕಿ ತರ ಮೈ ಚಾಚೋರು ಅಂತ ಒಂದು ಮಾತು ಬರುತ್ತೆ, ಸ್ವಲ್ಪ ಕೊಂಕಾಗೇ ಹೇಳಿರೋದು. ಕೊಂಕು ಮಾಡೋಷ್ಟು ಜನ ಅವಾಗ್ಲೇ ಮಾಡ್ತಿದ್ರು ಅಂತಾಯ್ತಲ್ಲ.

ಆಮೇಲೆ ಬಂದೋನು ಹುವಾ ತುವೊ, ಹಾನ್ ಸಾಮ್ರಾಜ್ಯದ ಕೊನೆಗಾಲದ ವೈದ್ಯ. ಕ್ರಿ.ಶ. 208ರ ಸುಮಾರಿಗೆ ಸತ್ತ, ಸತ್ತ ಅನ್ನೋದಕ್ಕಿಂತ ಸಾವೊ ಸಾವೊ ಅನ್ನೋ ದೊರೆ ಕೊಲ್ಲಿಸಿದ, ತನ್ನ ತಲೆನೋವಿಗೆ ಔಷಧಿ ಕೊಡೋ ವೈದ್ಯನ್ನೇ. ಈ ಹುವಾ ತುವೊ ಐದು ಪ್ರಾಣಿ ಆಟ ಅಂತ ಒಂದು ಕಸರತ್ತು ಕಲಿಸ್ದ, ಚೀನೀದಾಗೆ ವೂ ಚಿನ್ ಶಿ. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ. ತಿರುಗ್ತಾ ಇರೋ ಬಾಗಿಲ ತಿರುಗುಣಿ ಕೊಳೆಯಲ್ಲ, ಮೈನೂ ಅಂಗೇ ಆಡಿಸ್ತಾ ಇರ್ಬೇಕು ಅಂತ ಶಿಷ್ಯ ವೂ ಪುಗೆ ಹೇಳಿದ್ನಂತೆ. ಆ ಶಿಷ್ಯ 90 ದಾಟಿದ್ರೂ ಕಿವಿ ಕೇಳ್ತಿತ್ತು, ಕಣ್ಣು ಕಾಣ್ತಿತ್ತು, ಹಲ್ಲು ಗಟ್ಟಿ ಇದ್ವು ಅಂತ ಚೀನಾದ ಹಳೇ ಚರಿತ್ರೆ ಪುಸ್ತಕದಾಗೆ ಬರ್ದಾರೆ. ನೋಡ್ರಿ, ಇಲ್ಲಿ ಒಂದೇ ಒಂದು ಏಟಿಲ್ಲ, ಎದುರಾಳಿ ಇಲ್ಲ. ಪ್ರಾಣಿ ಅನುಕರಣೆ ಶುರುವಾಗಿದ್ದು ಹೊಡೆದಾಟಕ್ಕಲ್ಲ, ಜೀರ್ಣ ಆಗ್ಲಿ, ಕೀಲು ಸಡಿಲ ಆಗ್ಲಿ ಅಂತ.

ಹುವಾ ತುವೊ ಮಾಡ್ತಿದ್ದ ಆಟ ಹೆಂಗಿತ್ತು ಅನ್ನೋಕೆ ಅವನದೇ ಬರಹ ಉಳಿದಿಲ್ಲ. 5-6ನೇ ಶತಮಾನದ ತಾವೊ ಹಾಂಗ್‌ಜಿಂಗ್ ಹೆಸರಲ್ಲಿರೋ ಒಂದು ಗ್ರಂಥದಾಗೆ ಮಾತ್ರ ವಿವರ ಸಿಗುತ್ತೆ, ಮಜಾ ಇರೋದು ಅಲ್ಲೇ. ಕರಡಿ ಆಟ ಅಂದ್ರೆ ಅಂಗಾತ ಮಲಗೋದು, ಎರಡೂ ಕೈಲಿ ಮೊಣಕಾಲು ತಬ್ಬಿಕೊಳ್ಳೋದು, ತಲೆ ಎತ್ತಿ ಎಡಕ್ಕೆ ಏಳು ಸಲ ಬಲಕ್ಕೆ ಏಳು ಸಲ ನೆಲಕ್ಕೆ ಮೈ ಬಡಿಯೋದು, ಆಮೇಲೆ ಕುಕ್ಕರಗಾಲಲ್ಲಿ ಕೂತು ಕೈಯಿಂದ ನೆಲ ಒತ್ತೋದು. ಕೋತಿ ಆಟ ಅಂದ್ರೆ ಏನಾದ್ರೂ ಹಿಡ್ಕೊಂಡು ನೇತಾಡೋದು. ಒಟ್ಟಿನಾಗೆ ಮಣ್ಣಲ್ಲಿ ಹೊರಳಾಡಿ, ನೇತಾಡಿ ಮಾಡೋ ಕಸರತ್ತು. ಈಗ ಯೂಟ್ಯೂಬಲ್ಲಿ ಕಾಣೋದು ಬಹುಪಾಲು 2003ರಲ್ಲಿ ಚೀನಾದ ಆರೋಗ್ಯ ಚಿಗಾಂಗ್ (ಉಸಿರಿನ ಜೊತೆ ಮೈ ಆಡಿಸೋ ಕಸರತ್ತು) ಸಂಘ ಸರಿಮಾಡಿದ ರೂಪ, ಎಲ್ಲ ನಿಂತ್ಕೊಂಡೇ, ಒಂದೊಂದು ಪ್ರಾಣಿಗೆ ಎರಡೆರಡು ಚಲನೆ, ಬಟ್ಟೆ ಕೊಳೆ ಆಗಲ್ಲ. ಪಾರ್ಕಲ್ಲಿ ಅಜ್ಜ ಅಜ್ಜಿ ಮಾಡೋಕೆ ಅದೇ ಸರಿ ಬಿಡ್ರಿ.

ಹೊಡೆದಾಟದ ಪ್ರಾಣಿಗಳು ಬೇರೆ ಪಟ್ಟಿ. ದಕ್ಷಿಣ ಶಾವೊಲಿನ್ ಸಂಪ್ರದಾಯದಾಗೆ ಡ್ರ್ಯಾಗನ್, ಹಾವು, ಹುಲಿ, ಚಿರತೆ, ಕೊಕ್ಕರೆ. ಹುಲಿ ಮೂಳೆ ಗಟ್ಟಿ ಮಾಡುತ್ತೆ, ಚಿರತೆ ಬಲ ಕೊಡುತ್ತೆ, ಹಾವು ಉಸಿರು ಅಂದ್ರೆ ಚಿ, ಡ್ರ್ಯಾಗನ್ ಮನಸ್ಸು ಅಂತ ಒಂದೊಂದಕ್ಕೆ ಒಂದೊಂದು ಖಾತೆ ಹಂಚ್ಯಾರೆ, ಡ್ರ್ಯಾಗನ್ ಯಾರೂ ಕಣ್ಣಲ್ಲಿ ನೋಡಿಲ್ಲ ಅದಕ್ಕೇ ಮನಸ್ಸಿನ ಖಾತೆ ಕೊಟ್ಟಿರ್ಬೇಕು. ಹುಂಗ್ ಗಾರ್ ಅನ್ನೋ ದಕ್ಷಿಣ ಚೀನಾ ಶೈಲಿಯ ಹುಲಿ-ಕೊಕ್ಕರೆ ಜೋಡಿ ಫಾರ್ಮ್ (ಒಂದಾದ್ಮೇಲೊಂದು ಮಾಡೋ ಚಲನೆಗಳ ಸಾಲು) ಹೆಸರು ಮಾಡಿದ್ದು ವಾಂಗ್ ಫೈ-ಹಂಗ್ (1847-1925), ಅವನ ಶಿಷ್ಯ ಲಾಮ್ ಸಾಯ್-ವಿಂಗ್ ಇವರಿಂದ. ಫುಜಿಯಾನ್ ಕಡೆ ಬಿಳಿ ಕೊಕ್ಕರೆ ಶೈಲಿಗೆ ಫಾಂಗ್ ಚಿನಿಯಾಂಗ್ ಅನ್ನೋ ಹುಡುಗಿ ಕಥೆ ಐತೆ, ಕೋಲು ತಗೊಂಡು ಕೊಕ್ಕರೆ ಓಡಿಸೋಕೆ ಹೋದ್ರೆ ಅದು ಎಲ್ಲಾ ಏಟೂ ತಪ್ಪಿಸ್ಕೊಳ್ತಂತೆ, ಅದನ್ನ ನೋಡಿ ಕಲಿತ್ಲಂತೆ. ಶಾಂಡಾಂಗ್ ಕಡೆ ವಾಂಗ್ ಲಾಂಗ್ ಅನ್ನೋನು ಸೂರ್ಯನ ಕುದುರೆ, ಅದೇ ಮುಂಗೈ ಮಡಚ್ಕೊಂಡು ಕೈ ಮುಗಿದು ಕೂತಿರುತ್ತಲ್ಲ ಹಸಿರು ಹುಳ, ಅದು ಬೇಟೆ ಹಿಡಿಯೋದು ನೋಡಿ ಕೈ ಕೊಕ್ಕೆ ಹಾಕೋದು ಕಲಿತ, ಕಾಲಿನ ಓಡಾಟ ಮಾತ್ರ ಕೋತಿಯಿಂದ ತಗೊಂಡ. ಇವೆಲ್ಲ ಕಥೆ, ಇತಿಹಾಸ ಅಲ್ಲ. ಆದ್ರೂ ಗಮನಿಸ್ರಿ, ಹುಳದ ಕೈಗೆ ಕೋತಿ ಕಾಲು. ಅಂದ್ರೆ ಇವರು ಪ್ರಾಣಿ ಆಗೋಕೆ ಹೊರಟೋರಲ್ಲ, ಬೇಕಾದ ಭಾಗ ಮಾತ್ರ ಎತ್ಕೊಂಡೋರು.

ನಮ್ ಕಡೆ ಇದು ಉಲ್ಟಾ. ಮೊಹರಂನಾಗೆ ಹುಲಿ ವೇಷ ನೋಡಿರ್ತೀರಲ್ಲ, ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಾ ಕಡೆ, ಮುದಗಲ್ ಮೊಹರಂ ಅಂತೂ ಕೇಳೋದೇ ಬೇಡ. ಹರಕೆ ಹೊತ್ತೋರು, ಹಿಂದೂನೂ ಇರ್ತಾರೆ ಮುಸ್ಲಿಮೂ ಇರ್ತಾರೆ, ಮೈಗೆಲ್ಲಾ ಹಳದಿ ಕಪ್ಪು ಬಣ್ಣ ಬಳ್ಕೊಂಡು, ಬಾಲ ಕಟ್ಕೊಂಡು, ಹಲಗಿ ಏಟಿಗೆ ಕುಣೀತಾ ಅಂಗಡಿ ಅಂಗಡಿ ಮುಂದೆ ಬರ್ತಾರೆ. ಅಲ್ಲಿ ಆ ಮನುಷ್ಯ ಪೂರಾ ಹುಲಿ, ಮಕ್ಕಳು ನಿಜವಾಗ್ಲೂ ಹೆದರ್ತಾವೆ. ಹಲಗಿ ನಿಲ್ಲೋವರೆಗೂ ಅವನಿಗೆ ಹೆಸರಿಲ್ಲ. ಹುಂಗ್ ಗಾರ್ ಹುಲಿಗೆ ಬಣ್ಣ ಬೇಡ, ಘರ್ಜನೆ ಬೇಡ, ಬಾಲ ಮೊದಲೇ ಬೇಡ. ಅಂಗೈ ಅಗಲ ಮಾಡಿ ಬೆರಳ ಗೆಣ್ಣು ಬಗ್ಗಿಸಿ, ಬಿಗಿ ಎಲ್ಲಾ ಮುಂಗೈಗೆ ತಂದು, ಕುದುರೆ ನಿಲುವಲ್ಲಿ, ಅಂದ್ರೆ ಕಾಲು ಅಗಲಿಸಿ ಮೊಣಕಾಲು ಬಗ್ಗಿಸಿ, ತೊಡೆ ನಡುಗೋವರೆಗೂ ನಿಲ್ಲೋದು. ನೋಡೋಕೆ ನಮ್ಮ ಹುಲಿ ವೇಷವೇ ಚೆಂದ, ಸತ್ಯ ಹೇಳ್ಬೇಕಂದ್ರೆ.

ಕೋತಿ ವಿಷಯದಾಗೆ ಆನೆಗೊಂದಿ ಕಡೆಯೋರಿಗೆ ಯಾರೂ ಪಾಠ ಮಾಡ್ಬೇಕಾಗಿಲ್ಲ. ಅಂಜನಾದ್ರಿಯ 575 ಮೆಟ್ಲು ಹತ್ತಿದೋರಿಗೆ ಗೊತ್ತು, ಕೋತಿ ಎಡಕ್ಕೆ ನೋಡುತ್ತೆ, ತಲೆ ಕೆರ್ಕೊಳುತ್ತೆ, ನಿಮ್ಮ ಕಡೆ ಲಕ್ಷ್ಯವೇ ಇಲ್ಲ ಅನ್ನೋ ತರ ಕೂರುತ್ತೆ, ಅಷ್ಟೊತ್ತಿಗೆ ಬಲಗೈಲಿ ಬಾಳೆಹಣ್ಣಿನ ಕವರ್ ಹೋಗಿರುತ್ತೆ. ಐದು ಪ್ರಾಣಿ ಆಟದ ಕೋತಿ ಹಣ್ಣು ಕೀಳೋ ಚಲನೇಲಿ ಇದೇ ಐತೆ, ಮೊದ್ಲು ಕಣ್ಣು ತಿರುಗ್ಬೇಕು, ಆಮೇಲೆ ಹೆಜ್ಜೆ, ಆಮೇಲೆ ಕೈ.

ಈಗ ನಮ್ ಕರಡಿ. ದರೋಜಿ ಕರಡಿಧಾಮ ಶುರುವಾಗಿದ್ದು 1994ರಲ್ಲಿ. ಮಧ್ಯಾಹ್ನದ ಮೇಲೆ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ ಬರ್ತಾರೆ, ಜನ ಎದುರು ಗುಡ್ಡದ ಮೇಲಿನ ಗೋಪುರದಿಂದ ನೋಡ್ಬೇಕು. ಬಂದೋರೆಲ್ಲ ನೋಡೋದು ಕರಡಿ ನೆಕ್ಕೋದನ್ನ, ಫೋಟೋ ಬರೋದೂ ಅದೇ. ನಾನು ಹೇಳೋದು ಅದು ಬಂಡೆ ಇಳಿಯೋದು ನೋಡ್ರಿ. ಪಾದ ಪೂರ್ತಿ ನೆಲಕ್ಕೆ ಊರುತ್ತೆ, ನಾಯಿ ಬೆಕ್ಕಿನ ತರ ಬೆರಳ ತುದೀಲಿ ಅಲ್ಲ, ನಮ್ಮಂಗೆ ಹಿಮ್ಮಡಿ ಸಮೇತ. ಮುಂಗಾಲು ಸ್ವಲ್ಪ ಒಳಕ್ಕೆ ತಿರುಗಿರುತ್ತೆ. ಒಂದೊಂದು ಹೆಜ್ಜೆಗೂ ಭುಜ ಮೊದ್ಲು ಏಳುತ್ತೆ, ಮೈಯ ಭಾರ ಪೂರ್ತಿ ಆ ಕಡೆ ವಾಲುತ್ತೆ, ಕೂದಲು ಅಲ್ಲಾಡ್ತಾ ಇರುತ್ತೆ. ಸೋಮಾರಿ ಅನ್ಸುತ್ತೆ. ಸಂಡೂರು ಕೂಡ್ಲಿಗಿ ಕಡೆ ಬೆಳಗಿನ ಜಾವ ಹೊಲಕ್ಕೆ ಹೋಗೋರನ್ನ ಕೇಳ್ರಿ ಸೋಮಾರಿನಾ ಅಂತ. ಎದುರಿಗೆ ಸಡನ್ನಾಗಿ ಸಿಕ್ರೆ ಎರಡು ಕಾಲ ಮೇಲೆ ಏಳುತ್ತೆ, ಆಮೇಲಿಂದು ಹೇಳೋಕೆ ಮನುಷ್ಯ ಉಳಿದಿರ್ಬೇಕು.

ದರೋಜಿದು ಜೇನು ಕರಡಿ (ಇಂಗ್ಲಿಷ್‌ನಾಗೆ ಸ್ಲಾತ್ ಬೇರ್), ಚೀನಾದಾಗೆ ಇಲ್ಲ, ಅಲ್ಲಿ ಹಿಮಾಲಯದ ಕಪ್ಪು ಕರಡಿ, ಕಂದು ಕರಡಿ ತರದವು ಅದಾವೆ. ಆದ್ರೆ ಅಂಗಾಲೂರಿ ನಡಿಯೋದ್ರಾಗೆ ಎಲ್ಲಾ ಒಂದೇ. 2003ರ ರೂಪದಾಗೆ ಕರಡಿಗಿರೋ ಎರಡನೇ ಚಲನೆ ಇದೇ ನಡಿಗೆ. ಕಾಲು ಎತ್ತೋದು ಮೊಣಕಾಲಿಂದಲ್ಲ, ಸೊಂಟದ ಪಕ್ಕದಿಂದ. ಎತ್ತಿದ ಪಾದ ತಾನಾಗೇ ಬೀಳ್ಬೇಕು, ಪೂರ್ತಿ ಅಂಗಾಲು ಒಟ್ಟಿಗೆ, ಆ ಅದುರು ಸೊಂಟದ ಕೀಲಿನವರೆಗೂ ಬರ್ಬೇಕು. ಮೊದಲನೇ ಚಲನೇಲಿ ಸಡಿಲ ಮುಷ್ಟಿ ಹೊಟ್ಟೆ ಮುಂದೆ ಹಿಡಿದು ಹೊಟ್ಟೆ ಸುತ್ತ ದುಂಡಗೆ ತಿರುಗೋದು, ಕೈ ಅಲ್ಲ ತಿರುಗೋದು, ನಡು. ಚೀನೀ ವೈದ್ಯದ ಲೆಕ್ಕದಾಗೆ ಕರಡಿ ಅಂದ್ರೆ ಗುಲ್ಮ (ಸ್ಪ್ಲೀನ್), ಅಂದ್ರೆ ಊಟ ಅರಗೋ ಖಾತೆ. ಹುಲಿಗೆ ಯಕೃತ್ತು, ಜಿಂಕೆಗೆ ಮೂತ್ರಪಿಂಡ, ಕೋತಿಗೆ ಹೃದಯ, ಹಕ್ಕಿಗೆ ಶ್ವಾಸಕೋಶ. ಅದನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ಮೆಣಸಿನಕಾಯಿ ಬಜ್ಜಿ ಒಗ್ಗರಣೆ ಮಂಡಕ್ಕಿ ಊರಲ್ಲಿ ನಡು ತಿರುಗಿಸೋ ಕಸರತ್ತು ಯಾರಿಗೂ ಕೆಟ್ಟದ್ದು ಮಾಡಲ್ಲ.

ಕರಡಿ ಹೊಡೆದಾಟಕ್ಕೆ ಬರಲ್ಲ ಅನ್ನೋರಿಗೆ ಶಿಂಗ್ಯಿ ಅನ್ನೋ ಹೊಡೆದಾಟದ ಶೈಲಿ ಐತೆ. ಶಾನ್‌ಶಿ ಪ್ರಾಂತ್ಯದ ಜಿ ಲಾಂಗ್‌ಫೆಂಗ್ 17ನೇ ಶತಮಾನದಾಗೆ ಶುರು ಮಾಡಿದ ಅಂತಾರೆ. ಅದ್ರಾಗೆ 12 ಪ್ರಾಣಿ, ಮೊಸಳೆ ಜಾತಿ ಒಂದು, ಕೋಳಿ, ಗುಬ್ಬಿ ಹಿಡಿಯೋ ಡೇಗೆ, ಏನೇನೋ ಅದಾವೆ, ಕರಡಿ ಬರೋದು ಹದ್ದಿನ ಜೊತೆ ಜೋಡಿಯಾಗಿ. ಕರಡಿ ಕೆಳಗಿಂದ ಮೇಲಕ್ಕೆ ಏಳುತ್ತೆ, ಹದ್ದು ಮೇಲಿಂದ ಕೆಳಕ್ಕೆ ಎರಗುತ್ತೆ. ಇನ್ನೂ ಒಂದು, ಅವರ ನಿಲುವಿನ ಪಾಠದಾಗೆ ಒಂದೇ ಮೈಗೆ ಕೋಳಿ ಕಾಲು, ಡ್ರ್ಯಾಗನ್ ಮೈ, ಕರಡಿ ಭುಜ, ತಲೆ ಕಾಯೋ ಹುಲಿ ಕೈ, ಎಲ್ಲಾ ಸೇರಿಸ್ಯಾರೆ. ಭುಜಕ್ಕೆ ಮಾತ್ರ ಕರಡೀನೇ ಆರಿಸಿರೋದು ನೋಡ್ರಿ. ದುಂಡಗೆ ಇಳಿಬಿಟ್ಟ ಭುಜ, ಎದೆ ಉಬ್ಬಿಸದೆ ಕತ್ತು ನೆಟ್ಟಗೆ. ನಮ್ಮ ಜಿಮ್ ಹುಡುಗ್ರು ನಿಲ್ಲೋದಕ್ಕೆ ಪೂರಾ ವಿರುದ್ಧ.

ಇದನ್ನೆಲ್ಲ ಗರಡಿ ಮನೆಗೆ ಹೋಗೋ ನನ್ನ ಗೆಳೆಯನಿಗೆ ಹೇಳ್ದೆ. ಅವನ ಗರಡೀಲಿ ಹನುಮಪ್ಪನ ಫೋಟೋ ಐತೆ, ದಿನಾ ಕೈ ಮುಗೀತಾರೆ, ಆದ್ರೆ ಯಾರೂ ಕೋತಿ ತರ ಆಡಲ್ಲ, ಅದೇ ಅವನ ವಾದ, ಪ್ರಾಣಿ ಹೆಸ್ರು ಯಾಕೆ ಬೇಕು ದಂಡ ಬೈಠಕ್ ಸಾಲ್ದಾ ಅಂತ. ಪಕ್ಕದ ಕೇರಳದ ಕಳರಿ ಯುದ್ಧಕಲೇಲೂ ಆನೆ, ಸಿಂಹ, ಕುದುರೆ, ಹಂದಿ ಅಂತ ವಡಿವು, ಅಂದ್ರೆ ನಿಲುವು, ಅದಾವಲ್ಲ ಅಂದೆ, ಒಪ್ಪಲಿಲ್ಲ. ಸರಿ, ನನ್ನ ಭುಜ ತಳ್ಳು ಅಂದೆ. ಎದೆ ಉಬ್ಬಿಸಿ ನಿಂತಾಗ ಒಂದೇ ತಳ್ಳಿಗೆ ಹಿಂದೆ ಹೋದೆ, ಕರಡಿ ತರ ಭುಜ ಇಳಿಬಿಟ್ಟು ಅಂಗಾಲು ಊರಿ ನಿಂತಾಗ ಅವನು ಎರಡು ಕೈ ಹಾಕ್ಬೇಕಾಯ್ತು. ಅವನು ನನಗಿಂತ ಮೂವತ್ತು ಕಿಲೋ ಜಾಸ್ತಿ ಅದಾನೆ, ಕೊನೆಗೆ ತಳ್ಳಿದ ಅನ್ಕೊಳ್ರಿ. ಇದು ಕುಸ್ತೀದಾಗೂ ಐತೆ ಹೆಸ್ರು ಮಾತ್ರ ಇಲ್ಲ ಅಂದ. ಇರ್ಬೋದು, ಆದ್ರೆ ಹೆಸ್ರಿದ್ರೆ ಭುಜ ಇಳಿಸು, ನಡು ಸಡಿಲ ಬಿಡು, ಅಂಗಾಲು ಊರು ಅಂತ ಮೂರು ಸಲ ಹೇಳೋ ಬದ್ಲು ಕರಡಿ ಅಂತ ಒಂದು ಸಲ ಹೇಳಿದ್ರೆ ಸಾಕು, ಅದೂ ದರೋಜಿ ನೋಡಿರೋ ಹುಡುಗರಿಗೆ.

ಮೊಣಕಾಲು ನೋವಿರೋರು ಆ ಬೀಳೋ ಹೆಜ್ಜೆ ಮೆತ್ತಗೆ ಮಾಡ್ರಿ, ಸಿಮೆಂಟ್ ನೆಲದ ಮೇಲೆ ಬೇಡ, ಮಣ್ಣಿದ್ರೆ ಒಳ್ಳೇದು. ಜಿಂಕೆ ಬಗ್ಗೆ ಏನೂ ಬರೀಲಿಲ್ಲ ಅಂತ ಕೇಳ್ಬೇಡ್ರಿ, ಅದ್ರಾಗೆ ಸೊಂಟ ತಿರುಚಿ ಹಿಂದಿನ ಕಾಲಿನ ಹಿಮ್ಮಡಿ ನೋಡ್ಬೇಕು, ನನಗೆ ಇನ್ನೂ ಹಿಮ್ಮಡಿ ಕಂಡಿಲ್ಲ.