ಎಷ್ಟ್ ಲೈನ್ ಬರೀಬೇಕ್ರಿ ಟೀಚರ್?

ದೀಪಾವಳಿ ಮುಗಿದು ಶಾಲೆ ಶುರುವಾದ ಮೊದಲ ದಿನ. ಬಿಸಿಯೂಟ ಆಗಿತ್ತು. ನಲ್ಲಿ ಹತ್ತಿರ ನಾಲ್ಕನೇ ತರಗತಿಯ ಹುಡುಗನೊಬ್ಬ ಲೋಟವನ್ನೇ ಮೈಕ್ ಮಾಡಿಕೊಂಡು, ಹೋರಿ ಹಬ್ಬದಲ್ಲಿ ಮೈಕ್ ಹಿಡಿದವರ ಹಾಗೆ ಕೂಗುತ್ತಿದ್ದ. "ಬಂತ್ ನೋಡ್ರೀ, ಬಂತ್ ನೋಡ್ರಿ! ದಾರಿ ಬಿಡ್ರಿ, ಅಡ್ಡ ನಿಲ್ಲಬ್ಯಾಡ್ರಿ! ಕೊಬ್ಬರಿ ಹರಿಯೋ ಗಂಡು ಯಾರದಾನ್ರೀ ಇಲ್ಲಿ!" ಅವನ ಮುಂದೆ ಇಬ್ಬರು ಹುಡುಗರು ಹೋರಿಗಳಾಗಿ ಓಡುತ್ತಿದ್ದರು. ಕೊರಳಿಗೆ ಟವೆಲ್ ಸುತ್ತಿಕೊಂಡಿದ್ದರು. ಉಳಿದವರೆಲ್ಲ ಆ ಟವೆಲ್ ಕಿತ್ತುಕೊಳ್ಳಲು ಬೆನ್ನು ಹತ್ತಿದ್ದರು. ಹೋರಿಯ ಬಣ್ಣ, ಕೊಂಬು, ಊರು, ಮಾಲೀಕ, ಹೋದ ವರ್ಷ ಗೆದ್ದ ಬಹುಮಾನ, ಎಲ್ಲವೂ ಆ ಲೋಟದಿಂದ ಬಂತು. ಐದು ನಿಮಿಷ ಹುಡುಗ ಒಂದು ಮಾತಿಗೂ ತಡವರಿಸಲಿಲ್ಲ.

ಊಟಕ್ಕೆ ಮುಂಚಿನ ಪಿರಿಯಡ್‌ನಲ್ಲಿ ಇದೇ ಹುಡುಗನಿಗೆ 'ನಾನು ರಜೆಯಲ್ಲಿ ಏನು ಮಾಡಿದೆ' ಅಂತ ಬರೆಯಲು ಕೊಟ್ಟಿದ್ದೆ. ಪೆನ್ಸಿಲ್ ಕೈಗೆ ತಗೊಳ್ಳೋ ಮೊದಲೇ ಕೇಳಿದ್ದ, "ಎಷ್ಟ್ ಲೈನ್ ಬರೀಬೇಕ್ರಿ ಟೀಚರ್?" ಕೊನೆಗೆ ಬರೆದದ್ದು ಒಂದೇ ವಾಕ್ಯ: 'ನಾನು ರಜೆಯಲ್ಲಿ ಆಟ ಆಡಿದೆನು.' ಪೂರ್ಣವಿರಾಮ ಮಾತ್ರ ದೊಡ್ಡದಾಗಿ ಹಾಕಿದ್ದ, ಇನ್ನು ನನ್ನ ಕೇಳಬೇಡಿ ಅನ್ನುವ ಹಾಗೆ.

ಲೋಟ ಹಿಡಿದು ಅಷ್ಟು ಮಾತಾಡಿದ ಹುಡುಗ ಹಾಳೆ ಮುಂದೆ ಯಾಕೆ ಮೂಕನಾದ? ಅವತ್ತು ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದೇ ಯೋಚನೆ. ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ 14 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಜಾಸ್ತಿ ಕಾಲ ನಾಲ್ಕು ಮತ್ತು ಐದನೇ ತರಗತಿಯಲ್ಲೇ ಕಳೆದಿದ್ದೇನೆ. ಹುಡುಗರು ಬರೆಯೋದಿಲ್ಲ, ಅವರಿಗೆ ಸೋಮಾರಿತನ ಅಂತ ನಾನೂ ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಅವತ್ತಿನಿಂದ ಆ ಮಾತು ಬಾಯಿಗೆ ಬರಲಿಲ್ಲ.

ನಾಲ್ಕನೇ ತರಗತಿ ಅಂದರೆ ಮಕ್ಕಳಿಗೆ ಒಂದು ದೊಡ್ಡ ತಿರುವು. ಮೂರನೇ ತರಗತಿವರೆಗೆ ನಲಿಕಲಿ. ಕಾರ್ಡು, ಗುಂಪು, ಹಾಡು, ನೆಲದ ಮೇಲೆ ಕುಳಿತು ಕಲಿಕೆ. ನಾಲ್ಕಕ್ಕೆ ಬಂದ ಕೂಡಲೇ ಉದ್ದುದ್ದ ಪಾಠ, ಕೆಳಗೆ ಅಭ್ಯಾಸ, ಪ್ರಶ್ನೋತ್ತರ. ಬೋರ್ಡ್ ಮೇಲೆ ಬರೆದದ್ದನ್ನು ನೋಡಿ ಬರೆದುಕೊಳ್ಳುವುದೇ 'ಬರವಣಿಗೆ' ಅಂತ ಆಗಿಬಿಡುತ್ತದೆ. ಅಲ್ಲಿ ಹಿಂದೆ ಬಿದ್ದ ಹುಡುಗ ಆಮೇಲೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಹುಡುಗಿಯರು ಶೇ. 81.11 ಪಾಸಾದರೆ ಹುಡುಗರು ಶೇ. 65.90. ಅದಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಪತ್ರಿಕೆಯಲ್ಲಿ ಆ ಸಂಖ್ಯೆ ನೋಡಿದಾಗ ನನಗೆ ನಮ್ಮ ನಾಲ್ಕನೇ ತರಗತಿಯ ಖಾಲಿ ಹಾಳೆಗಳೇ ಕಣ್ಣ ಮುಂದೆ ಬಂದವು.

ಮಾರನೆಯ ದಿನ ಹುಡುಗನನ್ನು ಕರೆದೆ. "ನಿನ್ನೆ ನಲ್ಲಿ ಹತ್ತಿರ ಹೇಳಿದ್ಯಲ್ಲಪ್ಪಾ, ಅದನ್ನು ಮತ್ತೆ ಹೇಳು" ಅಂದೆ. ಬೈತೀನಿ ಅಂದುಕೊಂಡು ತಲೆ ತಗ್ಗಿಸಿ ನಿಂತ. ತರಗತಿಯವರೆಲ್ಲ ಹುರಿದುಂಬಿಸಿದ ಮೇಲೆ ಶುರು ಮಾಡಿದ. ಅವನು ಹೇಳುತ್ತಾ ಹೋದ, ನಾನು ಬೋರ್ಡ್ ಮೇಲೆ ಬರೆಯುತ್ತಾ ಹೋದೆ. ಅವನು ಹೇಳಿದ ಹಾಗೆಯೇ ಬರೆದೆ. 'ಹೊಂಟೈತಿ' ಅಂದರೆ 'ಹೊಂಟೈತಿ'. ಬೋರ್ಡ್ ತುಂಬಿತು. ಅವನಿಗೆ ಓದಲು ಹೇಳಿದೆ. ಓದಿದ. ಓದಿ ಮುಗಿಸಿ ಬೋರ್ಡನ್ನೇ ನೋಡುತ್ತಾ, "ಇದ ನಂದೇನ್ರಿ?" ಅಂತ ಕೇಳಿದ.

ಹಾವೇರಿ ಕಡೆ ಹೋರಿ ಹಬ್ಬ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬಲಿಪಾಡ್ಯಮಿ ಕಳೆದರೆ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಶುರು. ಹೋರಿಗೆ ಕೊಬ್ಬರಿ ಸರ ಕಟ್ಟಿ, ಜೂಲಾ ಹೊದಿಸಿ, ಕೊಂಬಿಗೆ ರಿಬ್ಬನ್ನು ಬಲೂನು ಏರಿಸಿ ಜನರ ನಡುವೆ ಓಡಿಸುತ್ತಾರೆ. ಪೈಲ್ವಾನರು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಹೋದ ಹೋರಿಗೆ ಮರ್ಯಾದೆ. ಪ್ರತಿ ಹೋರಿಗೂ ಸಿನಿಮಾ ಹೀರೋನಂಥ ಹೆಸರು, ಅಭಿಮಾನಿಗಳು, ಫೋಟೊ ಹಾಕಿದ ಬ್ಯಾನರ್. ನಮ್ಮ ಹುಡುಗರಿಗೆ ಸುತ್ತಲಿನ ಹತ್ತು ಊರಿನ ಹೋರಿಗಳ ಚರಿತ್ರೆ ಬಾಯಿಪಾಠ. ಗಾಯಗಳೂ ಆಗುತ್ತವೆ, ಜೀವ ಹೋದದ್ದೂ ಇದೆ. ಮಕ್ಕಳು ಆ ಜನಜಂಗುಳಿಗೆ ಹೋಗುವುದು ನನಗೆ ಇವತ್ತಿಗೂ ಇಷ್ಟವಿಲ್ಲ, ಅದನ್ನು ತಂದೆ ತಾಯಿಗೆ ಹೇಳುತ್ತಲೇ ಇರುತ್ತೇನೆ. ಆದರೆ ನನಗೆ ಇಷ್ಟವಿಲ್ಲ ಅಂತ ಅವರ ಮನಸ್ಸಿನಲ್ಲಿ ತುಂಬಿರುವುದನ್ನು ತರಗತಿಯಿಂದ ಹೊರಗೆ ಇಟ್ಟರೆ ಅವರು ಬರೆಯುವುದಾದರೂ ಏನನ್ನು?

ಅದೇ ವಾರ ಎಲ್ಲರಿಗೂ ಇನ್ನೊಂದು ನೋಟ್‌ಬುಕ್ ಕೊಟ್ಟೆ. ಪಾಠದ ನೋಟ್ಸ್ ಬೇರೆ, ಇದು ಬೇರೆ. ರಟ್ಟಿನ ಮೇಲೆ ಹೆಸರು ಅವರೇ ಹಾಕಿಕೊಳ್ಳಬೇಕು. ಒಬ್ಬ 'ಹೋರಿ ಪುಸ್ತಕ' ಅಂತ ಬರೆದ, ಒಬ್ಬಳು 'ನಂದು ಮಾತ್ರ' ಅಂತ ಬರೆದಳು. ಊಟ ಆದ ಮೇಲೆ 15 ನಿಮಿಷ ಬರೆಯುವುದು. ಎಷ್ಟು ಸಾಲು ಅನ್ನೋ ಪ್ರಶ್ನೆಗೆ ಒಂದೇ ಉತ್ತರ, ಮೂರು. ನಮ್ಮ ಜಿಲ್ಲೆಯ ಅಬಲೂರಿನ ಸರ್ವಜ್ಞ ಮೂರೇ ಸಾಲಿನಲ್ಲಿ ಇಡೀ ಲೋಕದ ಮಾತು ಹೇಳಿದ, ನಿಮಗೂ ಮೂರು ಸಾಲು ಸಾಕು ಅಂದೆ. ಹುಡುಗರ ಮುಖದಲ್ಲಿ ಎಂಥ ನಿರಾಳ ಅಂತೀರಿ! ಹಾಳೆ ತುಂಬಿಸಬೇಕು ಅನ್ನೋ ಭಯವೇ ಎಷ್ಟೋ ಮಕ್ಕಳ ಕೈ ಕಟ್ಟಿ ಹಾಕಿರುತ್ತದೆ ಅಂತ ಅವತ್ತು ಅರ್ಥ ಆಯಿತು. ಮೂರು ಸಾಲು ಮುಗಿಸಿದವನು ನಾಲ್ಕನೆಯದಕ್ಕೆ ತಾನಾಗಿಯೇ ಹೋದ ದಿನಗಳು ಬೇಗನೇ ಬಂದವು.

ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಕೆಂಪು ಪೆನ್ನಿನವಳು. ಒಂದು ಒತ್ತಕ್ಷರ ಬಿಟ್ಟಿದ್ದರೂ ಸುತ್ತು, ಒಂದು ದೀರ್ಘ ಬಿಟ್ಟಿದ್ದರೂ ಗೀಟು. ಕೆಳಗೆ 'ತಪ್ಪಾದ ಪದಗಳನ್ನು 10 ಸಲ ಬರೆ'. ಒಬ್ಬ ಹುಡುಗ ತನ್ನ ಅಜ್ಜಿ ತೀರಿಹೋದದ್ದರ ಬಗ್ಗೆ ಆರು ಸಾಲು ಬರೆದಿದ್ದ. ಅದರಲ್ಲಿ 'ಅಜಿ' ಅಂತ ಇತ್ತು, ಒತ್ತು ಇಲ್ಲ. ನಾನು ನಾಲ್ಕು ಕಡೆ 'ಅಜಿ'ಗೆ ಸುತ್ತು ಹಾಕಿ ಕಳಿಸಿದೆ. ಅಜ್ಜಿ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅವನು 'ಅಜ್ಜಿ' ಅಂತ 10 ಸಲ ಬರೆದುಕೊಂಡು ಬಂದ. ಆ ವರ್ಷವಿಡೀ ಮತ್ತೆ ಸ್ವಂತವಾಗಿ ಒಂದು ಸಾಲೂ ಬರೆಯಲಿಲ್ಲ. ಆ ಹಾಳೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೊಸ ಪುಸ್ತಕಕ್ಕೆ ಕೆಂಪು ಪೆನ್ನು ಮುಟ್ಟಿಸಲಿಲ್ಲ. ಪೆನ್ಸಿಲ್ ತಗೊಂಡು, ಪ್ರತಿ ಬರಹದ ಕೆಳಗೆ ಒಂದು ಪ್ರಶ್ನೆ ಬರೆಯುತ್ತೇನೆ. ನನಗೆ ನಿಜವಾಗಿಯೂ ಗೊತ್ತಾಗಬೇಕು ಅನ್ನಿಸಿದ ಪ್ರಶ್ನೆ. ಲೋಟದ ಹುಡುಗ ಮೊದಲ ವಾರ ಬರೆದದ್ದು ಹೀಗಿತ್ತು: 'ನಮ್ಮ ಹೊರಿ ಅಕಾಡಕ್ಕ ಬಂತು. ಯಾರು ಕೊಬರಿ ಹರಿಲಿಲ್ಲ. ನಮ್ಮ ಮಾಮಾ ಅತ್ತ.' ಹೋರಿಗೆ ದೀರ್ಘವಿಲ್ಲ, ಕೊಬ್ಬರಿಗೆ ಒತ್ತಿಲ್ಲ, ಅಖಾಡಕ್ಕೆ ಮಹಾಪ್ರಾಣವಿಲ್ಲ. ಆದರೆ ಆ ಕೊನೇ ಸಾಲು ನೋಡಿ! ಗೆದ್ದಾಗ ಅಳುವ ಗಂಡಸನ್ನು ಮೂರು ಪದದಲ್ಲಿ ನಿಲ್ಲಿಸಿದ್ದ. ಕೆಳಗೆ ನಾನು ಬರೆದೆ, 'ಮಾಮಾ ಯಾಕೆ ಅತ್ತರು?' ಮರುದಿನ ಒಂದು ಪುಟ ಬಂತು. ಆ ಹೋರಿಯನ್ನು ಕರುವಾಗಿದ್ದಾಗಿನಿಂದ ಮಾಮಾ ಸಾಕಿದ್ದು, ಒಂದು ಸಲ ಅದಕ್ಕೆ ಕಾಲು ನೋವಾಗಿ ಮಾರಿಬಿಡಿ ಅಂತ ಎಲ್ಲರೂ ಹೇಳಿದ್ದು, ಮಾಮಾ ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದ್ದು.

ತಿದ್ದುವುದನ್ನು ಬಿಟ್ಟಿಲ್ಲ. ವಾರಕ್ಕೆ ಒಂದೇ ವಿಷಯ ಹಿಡಿಯುತ್ತೇನೆ. ಈ ವಾರ ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ. ಮಕ್ಕಳೇ ತಮ್ಮ ಪುಟದಲ್ಲಿ ಹುಡುಕಿ ಸರಿ ಮಾಡಬೇಕು. 'ಕೊಬ್ಬರಿ' ಅಂತ ಸರಿಯಾಗಿ ಬರೆಯುವುದು ಆ ಹುಡುಗನಿಗೆ ಮುಖ್ಯವಾದದ್ದು ಅವನ ಬರಹ ಶಾಲೆಯ ಗೋಡೆಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ. ಐದನೇ ತರಗತಿಯವರು ನಗ್ತಾರೆ ಟೀಚರ್ ಅಂತ ತಾನೇ ಬಂದು ಕೇಳಿ ತಿದ್ದಿಕೊಂಡ.

ಊರಿನ ಮಾತಿನ ವಿಷಯಕ್ಕೂ ಇದೇ ದಾರಿ ಸಿಕ್ಕಿತು. 'ಐತಿ', 'ಹೊಂಟಾನ', 'ಬ್ಯಾಡ' ಅಂತ ಬರೆದರೆ ಮೊದಲೆಲ್ಲ ತಪ್ಪು ಅನ್ನುತ್ತಿದ್ದೆ. ಮಗುವಿಗೆ ಅದು ಹೇಗೆ ಕೇಳಿಸಿರಬೇಡ! ನಿಮ್ಮ ಮನೆಯ ಮಾತೇ ತಪ್ಪು ಅಂದ ಹಾಗೆ ಅಲ್ವಾ? ಈಗ ಹೇಳುವುದು ಇಷ್ಟು: ಮೈಕಿನಲ್ಲಿ ಕೂಗುವಾಗ, ಅಪ್ಪನ ಮಾತು ಬರೆಯುವಾಗ ನಮ್ಮೂರ ಮಾತೇ ಇರಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಪತ್ರ ಬರೆಯುವಾಗ ಪುಸ್ತಕದ ಮಾತು. ಒಂದೇ ವಿಷಯವನ್ನು ಎರಡೂ ಥರ ಬರೆದು ನೋಡುತ್ತೇವೆ. ಹುಡುಗರಿಗೆ ಇದು ಆಟದ ಹಾಗೆ. ಗ್ರಂಥಾಲಯದ ಕಪಾಟಿಗೆ ಬೀಗ ಯಾಕೆ ಹಾಕ್ತೀರಿ ಅಂತ ಮುಖ್ಯ ಶಿಕ್ಷಕರಿಗೆ ಅವರು ಪುಸ್ತಕದ ಮಾತಿನಲ್ಲಿ ಬರೆದ ಪತ್ರ ಎಷ್ಟು ಚೆನ್ನಾಗಿತ್ತು ಅಂದರೆ, ಬೀಗ ತೆಗೆದರು.

ಕೈಯ ಕಷ್ಟವನ್ನೂ ಮರೆಯಬಾರದು. ಕೆಲವು ಹುಡುಗರು ಪೆನ್ಸಿಲನ್ನು ಎಷ್ಟು ಒತ್ತಿ ಹಿಡಿಯುತ್ತಾರೆ ಅಂದರೆ ಹಾಳೆ ಹರಿಯುತ್ತದೆ, ಬೆರಳು ನೋಯುತ್ತದೆ. ನಮ್ಮ ಲಿಪಿಗೆ ಒತ್ತು ಕೆಳಗೆ ಬರುತ್ತದಲ್ಲ, ಇಕ್ಕಟ್ಟಿನ ಗೆರೆಯಲ್ಲಿ ಅದು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯಿರಿ ಅಂದದ್ದೇ ಅರ್ಧ ಸಮಸ್ಯೆ ಕಳೆಯಿತು. ಉಳಿದವರಿಗೆ ಸೀಮೆಸುಣ್ಣ ಕೊಟ್ಟು ಕಾರಿಡಾರಿನ ನೆಲದ ಮೇಲೆ ಬರೆಸಿದೆ.

ಬಹುಮಾನವನ್ನೂ ನೋಡಿದ್ದೇನೆ. ಚೆನ್ನಾಗಿ ಬರೆದವರಿಗೆ ಪೆನ್ನು ಅಂತ ಮಾಡಿದೆ. ಪ್ರತಿ ವಾರ ಅದೇ ನಾಲ್ಕು ಮಕ್ಕಳಿಗೆ ಹೋಯಿತು. ಮೂರು ವಾರಕ್ಕೆ ನಿಲ್ಲಿಸಿದೆ.

ಒಂದು ದಿನ ಒಬ್ಬ ಹುಡುಗ, "ಬರಿಯೋದು ಹೆಣಮಕ್ಕಳ ಕೆಲಸ ಬಿಡ್ರಿ" ಅಂದ. ಕೇಳಿ ಸಿಟ್ಟು ಬಂತು, ಆಮೇಲೆ ಯೋಚಿಸಿದೆ. ಅವನ ಮನೆಯಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯೋಳು ಅಮ್ಮ. ಹೋಮ್‌ವರ್ಕ್ ಮಾಡೋಳು ಅಕ್ಕ. ಶಾಲೆಯಲ್ಲಿ ಬರೆಸೋಳು ನಾನು. ಗಂಡಸರು ಬರೆಯುವುದನ್ನು ಅವನು ನೋಡಿದ್ದೆಲ್ಲಿ? ತಿಂಗಳಿಗೊಮ್ಮೆ ಬರುವ ಬ್ಯಾಗ್ ರಹಿತ ದಿನ ಇಬ್ಬರು ಗಂಡಸರನ್ನು ತರಗತಿಗೆ ಕರೆದೆ. ಒಬ್ಬರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತರು. ಎಷ್ಟು ಚೀಲ, ಎಷ್ಟು ತೂಕ, ಯಾವ ದಿನ ಏನು ರೇಟು ಅಂತ ವರ್ಷಗಟ್ಟಲೆ ಬರೆದಿಟ್ಟ ಹಳೇ ಡೈರಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಒಂದು ವರ್ಷದ ಪುಟ ತೋರಿಸಿ, "ಈ ಸಲ ನಾ ಬರದಿಟ್ಟಿರಲಿಲ್ಲ ಅಂದ್ರ ನನಗ ಮೋಸ ಆಗತಿತ್ತು" ಅಂದರು. ಹುಡುಗರು ಉಸಿರು ಬಿಗಿ ಹಿಡಿದು ಕೇಳಿದರು. ಇನ್ನೊಬ್ಬರು ಲೋಟದ ಹುಡುಗನ ಮಾಮಾ. ಅವರು ತಮ್ಮ ಹೋರಿ ಯಾವ ಊರಿನ ಹಬ್ಬದಲ್ಲಿ ಹೇಗೆ ಓಡಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕದಲ್ಲೂ ಹೋರಿಗೆ ದೀರ್ಘ ಇರಲಿಲ್ಲ. ನಮ್ಮ ಹುಡುಗ ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಇಬ್ಬರೂ ಸುಮ್ನೆ ಇದ್ದೆವು.

ಇನ್ನೊಂದು ಬದಲಾವಣೆ ನನ್ನಲ್ಲಿ. ಆ 15 ನಿಮಿಷ ನಾನೂ ಬೋರ್ಡ್ ಮೇಲೆ ಬರೆಯುತ್ತೇನೆ. ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತೇನೆ. ಮೊದಲ ದಿನ ಒಬ್ಬ ಕೇಳಿದ, "ಟೀಚರ್, ನಿಮಗೂ ತಪ್ಪತೈತೇನ್ರಿ?" ದೊಡ್ಡವರು ಬರೆದದ್ದು ಒಂದೇ ಏಟಿಗೆ ಸರಿಯಾಗಿ ಬರುತ್ತದೆ ಅಂತ ಮಕ್ಕಳು ನಂಬಿರುತ್ತಾರೆ. ಅವರಿಗೆ ನಾವು ತೋರಿಸಿದ್ದು ಬರೀ ಅಚ್ಚಾದ ಪುಸ್ತಕ ಅಲ್ವಾ?

ಇದೆಲ್ಲ ಪರೀಕ್ಷೆಗೆ ಬರುತ್ತದಾ ಅಂತ ಸಹೋದ್ಯೋಗಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಪಾಠದ ನೋಟ್ಸ್, ಉಕ್ತಲೇಖನ, ಘಟಕ ಪರೀಕ್ಷೆ ಎಲ್ಲ ಮೊದಲಿನ ಹಾಗೇ ನಡೆಯುತ್ತಿವೆ. ವ್ಯತ್ಯಾಸ ಕಂಡದ್ದು ಸ್ವಂತ ವಾಕ್ಯದಲ್ಲಿ ಉತ್ತರಿಸಿ ಅನ್ನುವ ಪ್ರಶ್ನೆಗಳಲ್ಲಿ. ಮೊದಲು ಹುಡುಗರು ಅದನ್ನು ಖಾಲಿ ಬಿಡುತ್ತಿದ್ದರು. ಈಗ ಏನಾದರೂ ಬರೆಯುತ್ತಾರೆ, ತಪ್ಪೋ ಸರಿಯೋ, ತಮ್ಮದೇ ಮಾತಿನಲ್ಲಿ.

ಹುಡುಗಿಯರ ಮಾತೂ ಹೇಳಬೇಕು. ಅವರು ಚೆನ್ನಾಗಿ ಬರೆಯುತ್ತಾರೆ ಅಂದುಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ. ಹೊಸ ಪುಸ್ತಕ ಬಂದಾಗ ಗೊತ್ತಾಯಿತು, ಅವರಲ್ಲಿ ಎಷ್ಟೋ ಜನ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬೇರೆಯವರ ವಾಕ್ಯ ಬರೆಯುತ್ತಿದ್ದರು. 'ನಂದು ಮಾತ್ರ' ಅಂತ ಹೆಸರಿಟ್ಟವಳು ಎರಡು ವಾರ ಏನೂ ಬರೆಯಲಿಲ್ಲ. ಅಂದವಾದ ಅಕ್ಷರ ನೋಡಿ ನಾನು ಅವಳ ಮಾತನ್ನು ಕೇಳುವುದನ್ನೇ ಮರೆತಿದ್ದೆ.

ಈ ವರ್ಷದ ನಾಲ್ಕನೇ ತರಗತಿಯಲ್ಲಿ ಹೋರಿಯೂ ಬೇಡ ಕಬಡ್ಡಿಯೂ ಬೇಡ ಅನ್ನುವ ಹುಡುಗನೊಬ್ಬ ಇದ್ದಾನೆ. ಮಾತೂ ಕಡಿಮೆ. ಜೂನ್‌ನಿಂದ ದಿನಾ ಒಂದು ಟ್ರ್ಯಾಕ್ಟರ್ ಬಿಡಿಸುತ್ತಾನೆ. ಗಾಲಿಯ ಗೀರು, ಸೈಲೆನ್ಸರ್, ಟ್ರೇಲರಿನ ಕೊಂಡಿ, ಒಂದೂ ಬಿಡುವುದಿಲ್ಲ. ಅಕ್ಷರ ಅಂತ ಇರುವುದು ನಂಬರ್ ಪ್ಲೇಟಿನ ಮೇಲೆ ಮಾತ್ರ. ನಾನು ಕೆಳಗೆ ಪ್ರಶ್ನೆ ಬರೆಯುತ್ತಲೇ ಇದ್ದೆ. ಉತ್ತರವಾಗಿ ಇನ್ನೊಂದು ಟ್ರ್ಯಾಕ್ಟರ್ ಬರುತ್ತಿತ್ತು. ಹೋದ ಗುರುವಾರ ಚಿತ್ರದ ಕೆಳಗೆ, ಮೂಲೆಯಲ್ಲಿ, ಎರಡು ಪದ ಇದ್ದವು: 'ಡಿಸೇಲ ಇಲ್ಲ.'

'ಯಾಕೆ ಇಲ್ಲ?' ಅಂತ ಪೆನ್ಸಿಲ್‌ನಲ್ಲಿ ಬರೆದು ಕೊಟ್ಟಿದ್ದೇನೆ. ಪುಸ್ತಕ ಇನ್ನೂ ಅವನ ಹತ್ತಿರವೇ ಇದೆ.