ಅಕ್ಕನ ಟಿ4 ಎಲ್ಲಿ ಹೋಯ್ತು

ಅಕ್ಕಂಗೆ ಥೈರಾಯ್ಡ್ ಗ್ರಂಥಿ ಪೂರ್ತಿ ತೆಗೆದು ವರ್ಷಗಳೇ ಆಯ್ತು. ಬೆಳಿಗ್ಗೆ ಖಾಲಿ ಹೊಟ್ಟೇಲಿ ಟಿ4 ಅನ್ನೋ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಸುಮಾರು ಹೊತ್ತು ಬಿಟ್ಟು ಕಷಾಯ. ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನು) ಸರಿ ಇದ್ರೂ ಸುಸ್ತು ಬಿಡ್ತಿರ್ಲಿಲ್ಲ, ಅದಕ್ಕೆ ಹುಬ್ಬಳ್ಳಿ ಡಾಕ್ಟ್ರು ಟಿ4 ಸ್ವಲ್ಪ ಇಳ್ಸಿ ಜೊತೆಗೆ ಚೂರು ಟಿ3, ಅಂದ್ರೆ ಮೈಯಲ್ಲಿ ನೇರವಾಗಿ ಕೆಲಸ ಮಾಡೋ ಥೈರಾಯ್ಡ್ ಹಾರ್ಮೋನು, ಸೇರ್ಸಿದ್ರು. ಮೈಯಲ್ಲಿರೋ ಟಿ3ಯಲ್ಲಿ ಸುಮಾರು ಶೇ. 80 ಭಾಗ ಟಿ4ನಿಂದಲೇ ಆಗೋದಂತೆ, ಉಳಿದದ್ದನ್ನ ಗ್ರಂಥಿ ಕೊಡ್ಬೇಕು, ಇವಳಿಗೆ ಗ್ರಂಥಿನೇ ಇಲ್ವಲ್ಲ.

ಕೆಲವು ವಾರ ಬಿಟ್ಟು ಶಿರಸಿಯಲ್ಲೇ ರಕ್ತ ಕೊಟ್ವಿ. ಐದು ರಸ್ತೆ ಹತ್ರ ಮಳೇಲಿ ಛತ್ರಿ ಹಿಡ್ಕೊಂಡು ಮೊಬೈಲಲ್ಲಿ ರಿಪೋರ್ಟ್ ತೆಗೆದ್ರೆ ಟಿಎಸ್‌ಎಚ್ ಸರಿ ಇದೆ, ಫ್ರೀ ಟಿ4 (ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿರೋ ಟಿ4) ಎದುರು ಮಾತ್ರ ದಪ್ಪಕ್ಷರದಲ್ಲಿ ಲೋ. "ಎಂತದೇ ಇದು, ನುಂಗಿದ ಮಾತ್ರೆ ಎಲ್ಲಿ ಹೋತು?" ಅಂದ ಅಕ್ಕನ ಮುಖ ಸಣ್ಣಗಾಯ್ತು. ನಂಗೂ ಲೆಕ್ಕ ಕೂಡ್ಲಿಲ್ಲ, ಡೋಸ್ ಇಳ್ಸಿದ್ದು ಸ್ವಲ್ಪ, ರಿಪೋರ್ಟಲ್ಲಿ ಇಳಿದಿದ್ದು ಜಾಸ್ತಿ.

ಸಂಜೆ ಡಾಕ್ಟ್ರೇ ಫೋನ್ ಮಾಡಿ ಬಿಡ್ಸಿ ಹೇಳಿದ್ರು, ಅಷ್ಟು ತಾಳ್ಮೆಯಿಂದ ಹೇಳೋರು ಸಿಗೋದು ಪುಣ್ಯ. ಟಿ4ನಲ್ಲಿ ನಾಲ್ಕು ಅಯೋಡಿನ್ ಇರತ್ತೆ, ಡಿಅಯೋಡಿನೇಸ್ ಅನ್ನೋ ಎಂಜೈಮ್‌ಗಳು ಒಂದನ್ನ ಕಿತ್ತರೆ ಟಿ3 ಆಗತ್ತೆ, ಬೇರೆ ಜಾಗದ್ದು ಕಿತ್ತರೆ ಹೆಚ್ಚೇನೂ ಕೆಲಸ ಮಾಡದ ರಿವರ್ಸ್ ಟಿ3. ಟಿ3 ಏರಿದಾಗ ಲಿವರ್, ಕಿಡ್ನಿಯಲ್ಲಿರೋ ಒಂದನೇ ತರದ ಎಂಜೈಮೂ ರಿವರ್ಸ್ ಟಿ3 ಮಾಡೋ ಮೂರನೇ ತರದ್ದೂ ಹೆಚ್ಚಾಗತ್ತೆ, ಅಂದ್ರೆ ಟಿ3 ತಾನೇ ಟಿ4ನ್ನ ಬೇಗ ಖರ್ಚು ಮಾಡ್ಸತ್ತೆ. ಆರೋಗ್ಯವಂತರಲ್ಲಿ ಟಿ4 ಅರ್ಧಕ್ಕೆ ಇಳಿಯೋಕೆ ಸುಮಾರು 7 ದಿನ ಬೇಕು, ಥೈರಾಯ್ಡ್ ಜಾಸ್ತಿ ಇರೋರಲ್ಲಿ 3-4 ದಿನ ಸಾಕು, ಕಮ್ಮಿ ಇರೋರಲ್ಲಿ 9-10 ದಿನದವರೆಗೂ ಎಳಿಯತ್ತೆ. ಒಂದೇ ಮಾತ್ರೆ, ಮೈ ಇರೋ ಸ್ಥಿತಿ ನೋಡ್ಕೊಂಡು ಅದರ ಆಯಸ್ಸೇ ಬದಲಾಗತ್ತೆ ಅಂದ್ರೆ ನಂಗೆ ಈಗ್ಲೂ ಆಶ್ಚರ್ಯ.

"ಹಂಗಾರೆ ಟಿ4 ಜಾಸ್ತಿ ತಗಳ್ಳಕ್ಕಾ ಡಾಕ್ಟ್ರೇ?" ಅಂತ ಅಕ್ಕ ಕೇಳಿದ್ಲು. ಬೇಡಮ್ಮ, ಟಿ3 ತಗೊಳ್ಳೋರಲ್ಲಿ ಟಿ4 ಕೆಳಗೆ ಬರೋದು ನಿರೀಕ್ಷೆ ಮಾಡಿದ್ದೇ, ಆ ಒಂದು ನಂಬರ್ ಸರಿ ಮಾಡೋಕೆ ಡೋಸ್ ಏರಿಸಿದ್ರೆ ಎದೆ ಡವಡವ ಅನ್ನೋಕೆ ಶುರುವಾಗ್ಬಹುದು ಅಂದ್ರು. ಲ್ಯಾಬಿನ ರೇಂಜು ಇರೋದು ಟಿ3 ನುಂಗದವರ ಲೆಕ್ಕಕ್ಕೆ, ರಿಪೋರ್ಟಲ್ಲಿ ಆ ಒಂದು ಸಾಲು ಬರೆದಿದ್ರೆ ಎಷ್ಟು ಜನರ ಗಾಬರಿ ತಪ್ತಿತ್ತೋ.

ಇನ್ನೊಂದು ಮಾತೂ ಹೇಳಿದ್ರು, ಟಿ3 ನುಂಗಿ 2-4 ಗಂಟೆಗೆ ರಕ್ತದಲ್ಲಿ ಅದು ತುದಿ ಮುಟ್ಟಿರತ್ತೆ, ಮುಂದಿನ ಸಲ ಮಾತ್ರೆಗೆ ಮೊದ್ಲೇ ರಕ್ತ ಕೊಡಿ ಅಂತ.