ಬಣ್ಣ ಕೆಳಗೆ, ಕಪ್ಪು ಮೇಲೆ: ವಾರ್ಹೋಲ್ ದಾರಿಯಲ್ಲಿ ಒಂದು ಟೊಮೆಟೊ ಕ್ರೇಟು

ಮೊಬೈಲಿನಲ್ಲಿ ‘ಪಾಪ್ ಆರ್ಟ್’ ಅಂತ ಒಂದು ಫಿಲ್ಟರ್ ಇರುತ್ತದೆ. ಒತ್ತಿದರೆ ಮುಖ ನೇರಳೆ, ಕೂದಲು ಹಸಿರು, ಹಿಂದಿನ ಗೋಡೆ ಗುಲಾಬಿ. ಅದನ್ನೇ ನಾಲ್ಕು ಚೌಕ ಮಾಡಿ ಸ್ಟೇಟಸ್‌ಗೆ ಹಾಕಿದರೆ ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಶೈಲಿ ಆಯಿತು ಎಂದುಕೊಳ್ಳುವವರು ಬಹಳ. ಪಕ್ಕದಲ್ಲಿ ವಾರ್ಹೋಲ್ ಮಾಡಿದ ನಟಿ ಮರ್ಲಿನ್ ಮನ್ರೋ ಚಿತ್ರವನ್ನು ಇಟ್ಟು ನೋಡಿ. ಫಿಲ್ಟರಿನ ಚಿತ್ರ ಕಲಸಿಹೋಗಿರುತ್ತದೆ. ಮರ್ಲಿನ್ ಬೀದಿಯ ಆಚೆ ಬದಿಯಿಂದಲೂ ಗುರುತು ಸಿಗುತ್ತಾಳೆ. ವ್ಯತ್ಯಾಸ ಇರುವುದು ಕಪ್ಪಿನಲ್ಲಿ. ಫಿಲ್ಟರ್ ಎಲ್ಲ ಬಣ್ಣದ ಜೊತೆ ಕಪ್ಪನ್ನೂ ತಿರುಗಿಸಿಬಿಡುತ್ತದೆ. ವಾರ್ಹೋಲ್ 1962ರಿಂದ 64ರವರೆಗೆ ಮಾಡಿದ ಮುಖಚಿತ್ರಗಳಲ್ಲಿ ಗುರುತು ಹಿಡಿಸುವ ಕೆಲಸ ಪೂರ್ತಿ ಕಪ್ಪಿನದು. ಅದು ಗಟ್ಟಿಯಾಗಿ ನಿಂತಿರುವುದರಿಂದಲೇ ಕೆಳಗಿನ ಬಣ್ಣ ಏನು ಬೇಕಾದರೂ ಆಗಬಹುದು.

ಆತ ಹುಟ್ಟಿದ್ದು 1928ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ, ಯುರೋಪಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ. 1949ರಲ್ಲಿ ಓದು ಮುಗಿಸಿ ನ್ಯೂಯಾರ್ಕ್ ಸೇರಿದ. ಮುಂದಿನ ಹತ್ತು ವರ್ಷ ಜಾಹೀರಾತಿಗೆ ಚಿತ್ರ ಬರೆದ; ಐ. ಮಿಲ್ಲರ್ ಕಂಪನಿಗೆ ಬರೆದ ಶೂ ಚಿತ್ರಗಳಿಂದ ಹೆಸರಾದ. ಆಗ ಅವನ ಗೆರೆ ಎಳೆಯುವ ಕ್ರಮವೇ ಬೇರೆ ಇತ್ತು. ಒಂದು ಹಾಳೆಯಲ್ಲಿ ಮಸಿಯ ಗೆರೆ ಎಳೆದು, ಅದು ಹಸಿ ಇರುವಾಗಲೇ ಪಕ್ಕಕ್ಕೆ ಟೇಪ್ ಹಚ್ಚಿ ಸೇರಿಸಿದ ಇನ್ನೊಂದು ಹಾಳೆಯನ್ನು ಮಡಚಿ ಒತ್ತುತ್ತಿದ್ದ. ಎರಡನೇ ಹಾಳೆಗೆ ಗೆರೆ ಕಡಿದು ಕಡಿದು, ಚುಕ್ಕಿಚುಕ್ಕಿಯಾಗಿ ಇಳಿಯುತ್ತಿತ್ತು. ಅಂದರೆ ಕೈ ಬರೆದದ್ದಲ್ಲ, ಒತ್ತಿದ್ದು ಉಳಿಸಿದ್ದೇ ಚಿತ್ರ. ಮುಂದಿನ ಕೆಲಸವೆಲ್ಲ ಇದರಿಂದಲೇ ಬೆಳೆದದ್ದು ಎಂದು ನನ್ನ ಎಣಿಕೆ.

1962ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಗಳನ್ನು ತೋರಿಸಿದ. 32 ಕ್ಯಾನ್ವಾಸ್, ಒಂದೊಂದೂ 20 ಇಂಚು ಎತ್ತರ, 16 ಇಂಚು ಅಗಲ. ಅವನ್ನು ಸ್ಕ್ರೀನ್ ಪ್ರಿಂಟ್ (ಫ್ರೇಮಿಗೆ ಬಿಗಿದ ಜಾಲರಿ ಪರದೆಯ ತೆರೆದ ಕಿಂಡಿಗಳ ಮೂಲಕ ಶಾಯಿ ಒತ್ತುವ ಮುದ್ರಣ) ಎಂದುಕೊಂಡವರು ಬಹಳ ಮಂದಿ. ಅಲ್ಲ, ಅವು ಕೈಯಲ್ಲಿ ಬರೆದವು. ಡಬ್ಬಿಯ ಕೆಳಪಟ್ಟಿಯ ಸಾಲು ಹೂವನ್ನು ಮಾತ್ರ ಅಚ್ಚು ಕೆತ್ತಿ ಒತ್ತಿದ. ಫೋಟೋವನ್ನು ಪರದೆಗೆ ಇಳಿಸಿ ಮುದ್ರಿಸಲು ಶುರುಮಾಡಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅದೇ ತಿಂಗಳು ಮರ್ಲಿನ್ ಮನ್ರೋ ತೀರಿಕೊಂಡಳು. 1953ರ ‘ನಯಾಗರಾ’ ಸಿನಿಮಾದ ಪ್ರಚಾರಕ್ಕೆ ತೆಗೆದಿದ್ದ ಒಂದೇ ಫೋಟೋದಿಂದ ಆತ 50 ಮುಖ ಮುದ್ರಿಸಿದ: ಎಡಕ್ಕೆ 25 ಬಣ್ಣದಲ್ಲಿ, ಬಲಕ್ಕೆ 25 ಬರೀ ಕಪ್ಪಿನಲ್ಲಿ. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

1964ರಲ್ಲಿ ಪ್ಲೈವುಡ್ ಡಬ್ಬಗಳನ್ನು ಮಾಡಿಸಿ ಪಾತ್ರೆ ಉಜ್ಜುವ ಬ್ರಿಲ್ಲೋ ಸೋಪ್ ಪ್ಯಾಡಿನ ರಟ್ಟಿನ ಪೆಟ್ಟಿಗೆಯಂತೆಯೇ ಮುದ್ರಿಸಿದ. ಅದೇ ಸಾಲಿನಲ್ಲಿ ಹೈಂಜ್ ಟೊಮೆಟೊ ಕೆಚಪ್ ಪೆಟ್ಟಿಗೆಯೂ ಕ್ಯಾಂಪ್‌ಬೆಲ್ ಟೊಮೆಟೊ ಜ್ಯೂಸ್ ಪೆಟ್ಟಿಗೆಯೂ ಇವೆ. ಕೋಲಾರದವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಪಿಎಂಸಿ ಯಾರ್ಡಿನಲ್ಲಿ ಆಳೆತ್ತರಕ್ಕೆ ಪೇರಿಸಿರುವ ಪ್ಲಾಸ್ಟಿಕ್ ಕ್ರೇಟುಗಳು ನಮಗೆ ಎಷ್ಟು ಪರಿಚಿತವೆಂದರೆ, ಹರಾಜಿನ ರೇಟು ಕೇಳುತ್ತೇವೆಯೇ ಹೊರತು ಅವನ್ನು ಕಣ್ಣಿಟ್ಟು ನೋಡುವುದೇ ಇಲ್ಲ. ವಾರ್ಹೋಲ್ ಹುಡುಕುತ್ತಿದ್ದದ್ದು ಇಂಥ ವಸ್ತುವನ್ನೇ. ಹಾಗಾಗಿ ಅವನ ವಿಧಾನವನ್ನು ಈ ಕ್ರೇಟಿನ ಮೇಲೆಯೇ ಹೇಳುತ್ತೇನೆ.

ಮೊದಲು ಫೋಟೋ. ಅದು ನೀವೇ ತೆಗೆದದ್ದಾಗಿರಲಿ. ಕಾರಣ ಕೊನೆಗೆ ಹೇಳುತ್ತೇನೆ. ನೆತ್ತಿಯ ಬಿಸಿಲಲ್ಲಿ ತೆಗೆಯಬೇಡಿ. ಬೆಳಗ್ಗೆ ಏಳೂವರೆ ಎಂಟರ ಓರೆ ಬೆಳಕು ಒಳ್ಳೆಯದು. ಕ್ರೇಟಿನ ಪಕ್ಕ ಮಂಡಿಯೂರಿ ನೋಡಿ: ಪ್ರತಿ ಹಣ್ಣಿನ ನೆತ್ತಿಯಲ್ಲಿ ಉಗುರಿನಷ್ಟು ಬಿಳಿ ಹೊಳಪು, ತೊಟ್ಟಿನ ಹತ್ತಿರ ಐದಾರು ಹಸಿರು ಎಸಳು ನಕ್ಷತ್ರದಂತೆ ಮುರುಟಿಕೊಂಡಿರುತ್ತವೆ, ಎರಡು ಹಣ್ಣು ತಾಗುವ ಕಡೆ ಕಡುನೆರಳು. ಆ ಹೊಳಪು, ಆ ನಕ್ಷತ್ರ, ಆ ನೆರಳು, ಆಮೇಲೆ ಕ್ರೇಟಿನ ಜಾಲರಿಯ ಕಿಂಡಿಗಳು. ಕಪ್ಪು ಪದರಕ್ಕೆ ಇಷ್ಟು ಸಾಕು, ಉಳಿದದ್ದೆಲ್ಲ ಬಿಟ್ಟುಹೋಗಲಿ. ಮೋಡದ ದಿನ ತೆಗೆದರೆ ಇಡೀ ಹಣ್ಣು ಬೂದಿಯಾಗಿ ಬಂದು, ಮುದ್ರಿಸಿದಾಗ ಕಪ್ಪು ಉಂಡೆಗಳ ರಾಶಿಯಾಗುತ್ತದೆ.

ಫೋಟೋವನ್ನು ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, 30 ಸೆಂ.ಮೀ. ಚೌಕಕ್ಕೆ ಕತ್ತರಿಸಿ, ಹಾಫ್‌ಟೋನ್‌ಗೆ, ಅಂದರೆ ನೆರಳು ಬೆಳಕನ್ನು ದೊಡ್ಡ ಸಣ್ಣ ಚುಕ್ಕಿಗಳಲ್ಲಿ ತೋರಿಸುವ ರೂಪಕ್ಕೆ, ಬದಲಿಸಿ. ಇಂಚಿಗೆ 35ರಿಂದ 40 ಸಾಲು ಚುಕ್ಕಿ ಸಾಕು. ಪೇಪರಿಗೆ ಬಳಸುವ 77ಟಿ (ಸೆಂ.ಮೀ.ಗೆ 77 ಎಳೆಯ) ಪಾಲಿಯೆಸ್ಟರ್ ಮೆಶ್‌ನಲ್ಲಿ, ಅಂದರೆ ಪರದೆಯ ಜಾಲರಿಯಲ್ಲಿ, ಇಂಚಿಗೆ ಸುಮಾರು 195 ಎಳೆ ಇರುತ್ತವೆ. ಅದರ ಐದನೇ ಒಂದು ಭಾಗ 39. ಇದಕ್ಕಿಂತ ಸಣ್ಣ ಚುಕ್ಕಿ ಕೇಳಿದರೆ ಮೆಶ್ ಹಿಡಿಯುವುದಿಲ್ಲ. ಚುಕ್ಕಿಯ ಸಾಲನ್ನು 22.5 ಡಿಗ್ರಿ ಓರೆಗೆ ಇಡಿ, ನೇರ ಇಟ್ಟರೆ ಎಳೆಗೂ ಚುಕ್ಕಿಗೂ ತಿಕ್ಕಾಟವಾಗಿ ಅಲೆಅಲೆಯ ಪಟ್ಟೆ ಮೂಡುತ್ತದೆ. ಬಟ್ಟೆ ಚೀಲದ ಮೇಲೆ ಮಾಡುವುದಾದರೆ 43ಟಿ ಮೆಶ್, ಚುಕ್ಕಿ ಇನ್ನೂ ದೊಡ್ಡದು. ಪಾಸಿಟಿವ್ ಅನ್ನು, ಅಂದರೆ ಈ ಚುಕ್ಕಿಚಿತ್ರದ ಕಪ್ಪು ಪ್ರತಿಯನ್ನು, ಟ್ರೇಸಿಂಗ್ ಹಾಳೆಯಲ್ಲಿ ಲೇಸರ್ ಪ್ರಿಂಟ್ ತೆಗೆಸಬಹುದು. ಬೆಳಕಿಗೆ ಹಿಡಿದಾಗ ಕಪ್ಪು ಕಂದಾಗಿ ಕಂಡರೆ ಎರಡು ಹಾಳೆ ಕರಾರುವಾಕ್ಕಾಗಿ ಒಂದರ ಮೇಲೊಂದು ಅಂಟಿಸಿ.

ಫ್ರೇಮಿನ ಒಳಅಳತೆ 45 ಸೆಂ.ಮೀ. ಇರಲಿ, ಶಾಯಿ ನಿಲ್ಲಲು ಸುತ್ತ ಜಾಗ ಬೇಕು. ಹೊಸ ಮೆಶ್ಶಿಗೆ ಜಿಡ್ಡಿರುತ್ತದೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ ಒಣಗಿಸಿ. ತೊಳೆಯದಿದ್ದರೆ ಅದಕ್ಕೆ ಬಳಿಯುವ ಎಮಲ್ಷನ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಬೀಳದಲ್ಲಿ ನೀರಿಗೆ ತೊಳೆದುಹೋಗುವ ದ್ರಾವಣ) ಮೀನಿನ ಕಣ್ಣಿನಂತೆ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಡೈಕ್ರೋಮೇಟ್ ಬೆರೆಸುವ ಎಮಲ್ಷನ್ ಅಗ್ಗ, ಆದರೆ ಅದು ಕ್ಯಾನ್ಸರ್ ತರುವ ವಿಷ. ಮನೆಯಲ್ಲಿ ಮಾಡುವವರು ಡಯಾಜೋ ಎಮಲ್ಷನ್ನೇ ಕೊಳ್ಳಿ. ಎರಡೂ ಬದಿಗೆ ತೆಳ್ಳಗೆ ಒಂದೊಂದು ಕೋಟ್ ಎಳೆದು, ಮುದ್ರಿಸುವ ಬದಿ ಕೆಳಗೆ ಬರುವಂತೆ ಮಲಗಿಸಿ, ಕತ್ತಲೆಯಲ್ಲಿ ಪೂರ್ತಿ ಒಣಗಿಸಿ. ಪಾಸಿಟಿವ್ ಅನ್ನು ಪರದೆಗೆ ಒತ್ತಿಟ್ಟು ಬಿಸಿಲಲ್ಲಿ ಎಕ್ಸ್‌ಪೋಸ್ ಮಾಡುವ (ಬೆಳಕಿಗೆ ಒಡ್ಡುವ) ಮೊದಲು ಒಂದು ಪರೀಕ್ಷೆ ತಪ್ಪಿಸಬೇಡಿ: ಪಾಸಿಟಿವ್ ಮೇಲೆ ರಟ್ಟು ಮುಚ್ಚಿ 30 ಸೆಕೆಂಡಿಗೊಮ್ಮೆ ಒಂದೊಂದು ಪಟ್ಟಿ ಸರಿಸುತ್ತಾ 30, 60, 90, 120, 150 ಸೆಕೆಂಡಿನ ಐದು ಪಟ್ಟಿ ಮಾಡಿ. ತೊಳೆಯುವಾಗ ಲೋಳೆಯಾಗಿ ಜಾರಿದ ಪಟ್ಟಿಗೆ ಬೆಳಕು ಸಾಲದು. ಎಷ್ಟು ನೀರು ಚಿಮುಕಿಸಿದರೂ ಸಣ್ಣ ಚುಕ್ಕಿ ತೆರೆಯದ ಪಟ್ಟಿಗೆ ಬೆಳಕು ಜಾಸ್ತಿ. ಇವೆರಡರ ನಡುವಿನದು ನಿಮ್ಮ ಸಮಯ, ಅದೂ ಆ ಹೊತ್ತಿನ ಬಿಸಿಲಿಗೆ ಮಾತ್ರ.

ಸ್ಕ್ರೀನ್ ಇಷ್ಟೇ, ಒಂದೇ ಒಂದು. ಬಣ್ಣಕ್ಕೆ ಬೇರೆ ಸ್ಕ್ರೀನ್ ಬೇಡ. 1967ರ ಮರ್ಲಿನ್ ಪೋರ್ಟ್‌ಫೋಲಿಯೋದಲ್ಲಿ (ಮುದ್ರಿತ ಚಿತ್ರಮಾಲೆಯಲ್ಲಿ) ಬಣ್ಣಗಳನ್ನೂ ಸ್ಕ್ರೀನಿನಲ್ಲೇ ಮುದ್ರಿಸಿದ್ದಾರೆ. ಆದರೆ ಮೊದಲ ವರ್ಷಗಳಲ್ಲಿ ವಾರ್ಹೋಲ್ ಮುಖ, ಕೂದಲು, ತುಟಿ, ಕಣ್ಣಿನ ರೆಪ್ಪೆಯ ಗಡಿ ಗುರುತಿಸಿಕೊಂಡು ಕೈಯಿಂದ ಚಪ್ಪಟೆ ಬಣ್ಣ ತುಂಬಿ, ಅದರ ಮೇಲೆ ಕಪ್ಪು ಎಳೆಯುತ್ತಿದ್ದ. ನೀವೂ 300 ಜಿಎಸ್‌ಎಂ ದಪ್ಪ ಹಾಳೆಯ ಮೇಲೆ ಕಾರ್ಬನ್ ಇಟ್ಟು ಪಾಸಿಟಿವ್‌ನ ಗಡಿಗಳನ್ನು ಇಳಿಸಿಕೊಂಡು, ಹಣ್ಣು, ತೊಟ್ಟು, ಕ್ರೇಟು, ಹಿನ್ನೆಲೆ ಎಂಬ ನಾಲ್ಕೇ ತುಂಡಿಗೆ ಅಕ್ರಿಲಿಕ್ ತುಂಬಿ. ಹಣ್ಣು ಹಣ್ಣಿಗೆ ಬೇರೆ ಛಾಯೆ ಕೊಡುವ ಆಸೆ ಬಂದೇ ಬರುತ್ತದೆ, ಕೊಡಬೇಡಿ. ಒಳಗೆ ಏರಿಳಿತ ಬಂದರೆ ಕಪ್ಪಿಗೆ ಕೆಲಸವಿಲ್ಲ. ತುಂಡುಗಳ ಅಂಚು ಮೇಲೆ ಬೀಳಲಿರುವ ಕಪ್ಪಿನೊಳಗೆ 2 ಮಿ.ಮೀ. ಹೋಗಲಿ, ಇಲ್ಲದಿದ್ದರೆ ಬಿಳಿ ಸೀಳು ಕಾಣುತ್ತದೆ. ಕುಂಚದ ಗೀರು ಎದ್ದಿದ್ದರೆ ಮೇಲಿನ ಕಪ್ಪು ಕಡಿದು ಬೀಳುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ.

ಯಾವ ಬಣ್ಣ? ಹಣ್ಣಿಗೆ ಕೆಂಪೊಂದು ಬಿಟ್ಟು ಬೇರೆ ಏನಾದರೂ. ತಿಳಿನೀಲಿ ಹಣ್ಣು, ಗುಲಾಬಿ ತೊಟ್ಟು, ಹಳದಿ ಕ್ರೇಟು ಚೆನ್ನಾಗಿ ನಿಲ್ಲುತ್ತದೆ. ಹಚ್ಚಿದ ಮೇಲೆ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡಿ. ಅಕ್ಕಪಕ್ಕದ ಎರಡು ತುಂಡು ಒಂದೇ ಬೂದಿಯಾಗಿ ಕಂಡರೆ ಒಂದನ್ನು ತಿಳಿ ಮಾಡಿ. ಕಡುನೀಲಿ, ಕಡುಹಸಿರು ಕಪ್ಪನ್ನು ನುಂಗುತ್ತವೆ, ಅವು ಬೇಡವೇ ಬೇಡ.

ಈಗ ಕಪ್ಪು. ಅಕ್ರಿಲಿಕ್ ಕಪ್ಪಿಗೆ ಸಮಪ್ರಮಾಣ ಸ್ಕ್ರೀನ್ ಪ್ರಿಂಟಿಂಗ್ ಮೀಡಿಯಂ ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಫ್ರೇಮಿನ ಮೂಲೆಗಳ ಕೆಳಗೆ ರಟ್ಟಿನ ತುಂಡಿಟ್ಟು ಮೆಶ್ ಮತ್ತು ಹಾಳೆಯ ನಡುವೆ 2-3 ಮಿ.ಮೀ. ಅಂತರ ಬಿಡಿ. ಹಾಳೆ ಕೂರುವ ಜಾಗಕ್ಕೆ ಮೂರು ರಟ್ಟಿನ ತಡೆ ಅಂಟಿಸಿದರೆ ಪ್ರತಿ ಹಾಳೆಯೂ ಅಲ್ಲೇ ಬಂದು ಕೂರುತ್ತದೆ. ಸ್ಕ್ವೀಜಿ (ಶಾಯಿ ಎಳೆಯುವ ರಬ್ಬರ್ ಪಟ್ಟಿ) ಚಿತ್ರಕ್ಕಿಂತ ಮೂರು ನಾಲ್ಕು ಸೆಂ.ಮೀ. ಅಗಲ ಇರಲಿ, 60 ಡಿಗ್ರಿ ಓರೆ ಹಿಡಿದು ಒಂದೇ ಎಳೆತ. ಎರಡನೇ ಸಲ ಎಳೆದರೆ ಚುಕ್ಕಿಗಳು ಊದಿಕೊಂಡು ನೆರಳು ಮುಚ್ಚಿಹೋಗುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಒಣಗಾಳಿಯಲ್ಲಿ ನೀರಿನ ಶಾಯಿ ಮೆಶ್ಶಿನಲ್ಲೇ ಕಟ್ಟಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಶಾಯಿಗೆ ಸ್ವಲ್ಪ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಹಾಕಿ, ಪ್ರತಿ ಮುದ್ರೆಯ ನಂತರ ಫ್ರೇಮ್ ಎತ್ತಿ ಹಿಡಿದು ಹಗುರವಾಗಿ ಶಾಯಿ ಸವರಿ ಚಿತ್ರ ಮುಚ್ಚಿಡಿ.

ಮೇಲಿನ ಕಪ್ಪು ಕೆಳಗಿನ ಬಣ್ಣದಿಂದ ಒಂದೆರಡು ಮಿ.ಮೀ. ಸರಿದು ಬಿದ್ದರೆ ಹಾಳೆ ಬಿಸಾಡಬೇಡಿ. ಮರ್ಲಿನ್‌ಗಳಲ್ಲೂ ತುಟಿಯ ಕೆಂಪು ತುಟಿಯಾಚೆ ಹೋಗಿರುತ್ತದೆ. ಅರ್ಧ ಸೆಂಟಿಮೀಟರ್ ಸರಿದರೆ ಮಾತ್ರ ಬರೀ ತಪ್ಪಾಗಿ ಕಾಣುತ್ತದೆ.

ಫೋಟೋ ಸ್ವಂತದ್ದಾಗಿರಲಿ ಎಂದಿದ್ದಕ್ಕೆ ಕಾರಣ ಒಂದು ದಾಸವಾಳ. ವಾರ್ಹೋಲ್ 1964ರ ‘ಫ್ಲವರ್ಸ್’ ಮಾಲೆಗೆ ಪೆಟ್ರೀಷಿಯಾ ಕಾಲ್‌ಫೀಲ್ಡ್ ತೆಗೆದ ದಾಸವಾಳದ ಫೋಟೋವನ್ನು ಒಂದು ಪತ್ರಿಕೆಯಿಂದ ಎತ್ತಿಕೊಂಡ. 1966ರಲ್ಲಿ ಆಕೆ ದಾವೆ ಹೂಡಿದಳು, ಕೋರ್ಟಿನ ಹೊರಗೆ ರಾಜಿಯಾಯಿತು. ಆತ ತೀರಿಕೊಂಡದ್ದು 1987ರಲ್ಲಿ. 2023ರಲ್ಲೂ ಆತ ತನ್ನ ಚಿತ್ರಕ್ಕೆ ಬಳಸಿದ್ದ ಗಾಯಕ ಪ್ರಿನ್ಸ್‌ನ ಫೋಟೋ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಾರ್ಹೋಲ್ ಪ್ರತಿಷ್ಠಾನದ ವಿರುದ್ಧ, ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ಪರ ತೀರ್ಪು ಕೊಟ್ಟಿತು. ಬಣ್ಣ ಬದಲಿಸಿದ ಮಾತ್ರಕ್ಕೆ ಫೋಟೋ ನಮ್ಮದಾಗುವುದಿಲ್ಲ.

ಒಂಬತ್ತು ಹಾಳೆ ಮಾಡಿ, ಒಂಬತ್ತಕ್ಕೂ ಬೇರೆ ಬಣ್ಣ. ನಡುವೆ ಸ್ಕ್ರೀನ್ ತೊಳೆಯದೆ ಒಂದೇ ಸಮ ಮುದ್ರಿಸಿ. ಆರೇಳನೇ ಹಾಳೆಯ ಹೊತ್ತಿಗೆ ಮೆಶ್ ಅಲ್ಲಲ್ಲಿ ಕಟ್ಟಿಕೊಂಡು ಹಣ್ಣುಗಳು ಮಾಸತೊಡಗುತ್ತವೆ, ಮರ್ಲಿನ್ ಚಿತ್ರದ ಬಲಭಾಗದಲ್ಲಿ ಮುಖ ಮಾಸುತ್ತಾ ಹೋದ ಹಾಗೆ. ಅವನ್ನೂ ಸೇರಿಸಿ, ಮುದ್ರಿಸಿದ ಕ್ರಮದಲ್ಲೇ ಸಾಲಿಗೆ ಮೂರರಂತೆ ಮೂರು ಸಾಲಾಗಿ ಗೋಡೆಗೆ ಹಾಕಿ. ಫ್ಲೋರೊಸೆಂಟ್ ಬಣ್ಣ ಬಳಸಿದ್ದರೆ ಬಿಸಿಲು ಬೀಳದ ಗೋಡೆ ನೋಡಿ, ಅವು ಬೇಗ ಬಿಳಿಚಿಕೊಳ್ಳುತ್ತವೆ.